ಮಾಸ್ಕ್ ಅಡಿಯ ಮೊಡವೆ: ಓದುಗರ ಪ್ರಶ್ನೆ, ಚರ್ಮತಜ್ಞರ ಉತ್ತರ

ಕೋವಿಡ್ ಕಾಲದ ಕಡ್ಡಾಯ ಮುಗಿದರೂ ಮಾಸ್ಕ್ ಕಳಚಲಾಗದ ಕೆಲಸಗಳು ಬಹಳ ಇವೆ: ಆಸ್ಪತ್ರೆ, ಔಷಧ ಕಾರ್ಖಾನೆ, ಗಾರ್ಮೆಂಟ್ಸ್, ಗ್ರಾನೈಟ್ ಪಾಲಿಶ್, ಮೆಣಸಿನಕಾಯಿ ಮಾರುಕಟ್ಟೆ. ದೂಳಿನ ರಸ್ತೆಯಲ್ಲಿ ಸ್ಕೂಟರ್ ಓಡಿಸುವವರೂ ಮುಖ ಮುಚ್ಚಿಕೊಳ್ಳುತ್ತಾರೆ. ಮುಚ್ಚಿದ ಜಾಗದಲ್ಲೇ ಏಳುವ ಗುಳ್ಳೆಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದೆ. ಓದುಗರ ಹೆಸರು ಬಿಟ್ಟಿದೆ.

ಪ್ರಶ್ನೆ: ಐಸಿಯುನಲ್ಲಿ ಕೆಲಸ. ದಿನಕ್ಕೆ ಎಂಟು ಗಂಟೆ ಎನ್–95 ಮಾಸ್ಕ್ ಹಾಕಿರುತ್ತೇನೆ. ಕಾಲೇಜಿಗೆ ಹೋಗುವಾಗಲೂ ನನಗೆ ಮೊಡವೆ ಇರಲಿಲ್ಲ. ಈಗ 31ನೇ ವಯಸ್ಸಿನಲ್ಲಿ ಗದ್ದ, ಕೆನ್ನೆಯ ಕೆಳಭಾಗ, ಮೂಗಿನ ಪಕ್ಕ ಗುಳ್ಳೆಗಳು ಏಳುತ್ತಿವೆ. ಹಣೆ ನುಣ್ಣಗಿದೆ. ಮಾಸ್ಕ್‌ನಿಂದಲೇ ಆಗಿದ್ದು ಎಂದು ತಿಳಿಯುವುದು ಹೇಗೆ?
– ಶುಶ್ರೂಷಕಿ, ಮಂಗಳೂರು

ಉತ್ತರ: ಅನುಮಾನ ಮಾಸ್ಕ್ ಮೇಲೇ ಹೋಗಬೇಕು. ಹಣೆಯನ್ನು ಬಿಟ್ಟು, ಮಾಸ್ಕ್‌ನ ಅಂಚು ಒತ್ತುವ ಗೆರೆಯಲ್ಲಿ ಮತ್ತು ಅದರೊಳಗೆ ಮಾತ್ರ ಗುಳ್ಳೆ ಎದ್ದಿವೆ. ಒಂದೆರಡು ವಾರ ರಜೆಯಲ್ಲಿದ್ದಾಗ ಹೊಸ ಗುಳ್ಳೆ ಏಳುವುದು ಕಡಿಮೆಯಾದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಒಳಗೆ ನಡೆಯುವುದು ಹೀಗೆ. ಉಸಿರಿನ ತೇವ ಮತ್ತು ಬೆವರಿಗೆ ಚರ್ಮದ ಮೇಲ್ಪದರ ನೆನೆದು ಊದಿಕೊಳ್ಳುತ್ತದೆ, ರೋಮರಂಧ್ರದ ಬಾಯಿ ಕಿರಿದಾಗುತ್ತದೆ. ಬಿಸಿಗೆ ಜಿಡ್ಡೂ ಹೆಚ್ಚುತ್ತದೆ. ಚರ್ಮದ ಉಷ್ಣಾಂಶ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಜಿಡ್ಡಿನ ಸ್ರಾವ ಸುಮಾರು ಶೇ 10ರಷ್ಟು ಏರುತ್ತದೆ. ಹೊರಬರಲಾಗದ ಜಿಡ್ಡು ಮತ್ತು ಸತ್ತ ಕೋಶಗಳು ರಂಧ್ರದ ಬಾಯಿಗೆ ಬಿರಡೆಯಂತೆ ಕೂರುತ್ತವೆ. ಅಲ್ಲೇ ವಾಸವಿರುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಆ ಜಿಡ್ಡನ್ನು ತಿಂದು ಹೆಚ್ಚುತ್ತದೆ. ಇದರ ಮೇಲೆ ನೀವು ಮಾತಾಡಿದಾಗಲೆಲ್ಲ ಮಾಸ್ಕ್ ಉಜ್ಜುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಕಟ್ಟಿಕೊಂಡಿದ್ದ ರಂಧ್ರ ಆ ಉಜ್ಜಾಟಕ್ಕೆ ಚರ್ಮದೊಳಗೇ ಒಡೆದು, ಕೆಂಪಗೆ ಊದಿಕೊಂಡು ಮೇಲೆ ಬರುತ್ತದೆ. ಆಟಗಾರರಿಗೆ ಹೆಲ್ಮೆಟ್ ಪಟ್ಟಿಯ ಕೆಳಗೆ ಏಳುವುದೂ ಇದೇ ಬಗೆಯ ಮೊಡವೆ.

ಆದರೆ ಮಾಸ್ಕ್ ಕೆಳಗೆ ಏಳುವುದೆಲ್ಲ ಮೊಡವೆಯಲ್ಲ. ಚಿಕಿತ್ಸೆ ದಾರಿ ತಪ್ಪುವುದು ಬಹುಪಾಲು ಇಲ್ಲಿಯೇ. ಒಳ್ಳೆಯ ಬೆಳಕಿನಲ್ಲಿ ಕನ್ನಡಿಗೆ ಹತ್ತಿರ ನಿಂತು ನೋಡಿ. ಬ್ಲ್ಯಾಕ್‌ಹೆಡ್, ವೈಟ್‌ಹೆಡ್, ಕೆಂಪು ಗುಳ್ಳೆ, ಕೀವುಗುಳ್ಳೆ ಎಲ್ಲವೂ ಬೆರೆತು ಇದ್ದರೆ ಅದು ಮೊಡವೆ. ಎಲ್ಲ ಗುಳ್ಳೆಗಳೂ ಸಾಸಿವೆಯಷ್ಟೇ ಗಾತ್ರದವು, ಒಂದೇ ತರಹದವು, ಜೊತೆಗೆ ತುರಿಕೆ ಇದೆ, ಬ್ಲ್ಯಾಕ್‌ಹೆಡ್ ಒಂದೂ ಇಲ್ಲ ಎಂದಾದರೆ ಮಲಸೇಜಿಯಾ ಎಂಬ ಶಿಲೀಂಧ್ರ ರೋಮಕೂಪಕ್ಕೆ ಇಳಿದಿರಬಹುದು. ಅದಕ್ಕೆ ಮೊಡವೆಯ ಆ್ಯಂಟಿಬಯಾಟಿಕ್ ಕೊಟ್ಟರೆ ಇನ್ನೂ ಜಾಸ್ತಿಯಾಗುತ್ತದೆ. ಕೀಟೊಕೊನಜೋಲ್‌ನಂಥ ಶಿಲೀಂಧ್ರನಾಶಕವೇ ಬೇಕು. ಗುಳ್ಳೆಗಿಂತ ಉರಿ, ತುರಿಕೆ, ಸಿಪ್ಪೆ ಏಳುವುದು ಮುಂದಾಗಿದ್ದು, ಎಲಾಸ್ಟಿಕ್ ದಾರದ ಗುಂಟ ಅಥವಾ ಮೂಗಿನ ಮೇಲಿನ ತಂತಿಯ ಜಾಗದಲ್ಲಿ ಕೆಂಪು ಪಟ್ಟೆ ಬಿದ್ದಿದ್ದರೆ ಅಲರ್ಜಿ ಇರಬಹುದು. ಎಲಾಸ್ಟಿಕ್‌ನ ರಬ್ಬರಿಗೆ ಸೇರಿಸುವ ರಾಸಾಯನಿಕ, ತಂತಿಯ ನಿಕ್ಕಲ್, ಬಟ್ಟೆಯಲ್ಲಿ ಉಳಿದ ಫಾರ್ಮಾಲ್ಡಿಹೈಡ್ ಇದಕ್ಕೆ ಸಾಮಾನ್ಯ ಕಾರಣ. ಆಗ ಬೇರೆ ಕಂಪನಿಯ ಮಾಸ್ಕ್‌ಗೆ ಬದಲಿಸುವುದೇ ಮೊದಲ ಮದ್ದು.

ನಿಮ್ಮದು ಮೊಡವೆಯೇ ಆಗಿದ್ದರೆ ಕೆಲಸದ ಜಾಗದಲ್ಲಿ ಮೂರು ಬದಲಾವಣೆ ಮಾಡಿ. ನಾಲ್ಕು ಗಂಟೆಗೊಮ್ಮೆ, ರೋಗಿಗಳಿಲ್ಲದ ಸುರಕ್ಷಿತ ಜಾಗದಲ್ಲಿ 15 ನಿಮಿಷ ಮಾಸ್ಕ್ ತೆಗೆದು ಚರ್ಮಕ್ಕೆ ಗಾಳಿ ಬಿಡಿ. ಬೆವರನ್ನು ಟಿಶ್ಯೂವಿನಿಂದ ಒತ್ತಿ ತೆಗೆಯಿರಿ, ಒರೆಸಬೇಡಿ. ಡ್ಯೂಟಿಗೆ ಅರ್ಧ ಗಂಟೆ ಮೊದಲೇ ಜೆಲ್ ರೂಪದ ಮಾಯಿಶ್ಚರೈಸರ್ ಹಚ್ಚಿ ಹೀರಿಕೊಳ್ಳಲು ಬಿಡಿ. ಮಾಸ್ಕ್ ಹಾಕುವ ಹೊತ್ತಿನಲ್ಲೇ ಹಚ್ಚಿದರೆ ಅಂಚು ಜಾರಿ, ಎನ್–95 ಮುಖಕ್ಕೆ ಸರಿಯಾಗಿ ಕೂರುವುದಿಲ್ಲ. ಮೂಗಿನ ಮೇಲೆ ಗಾಯವಾಗುತ್ತದೆಂದು ಕೆಲವರು ವ್ಯಾಸಲಿನ್ ಬಳಿದು ಅದರ ಮೇಲೆ ಮಾಸ್ಕ್ ಏರಿಸುತ್ತಾರೆ. ಅದೂ ಜಾರಿಸುತ್ತದೆ, ಬೇಡ. ಮೂರನೆಯದು ಅಳತೆ. ಮಾಸ್ಕ್ ತೆಗೆದ ಮೇಲೂ ಬಹಳ ಹೊತ್ತು ಆಳವಾದ ಗೆರೆ ಉಳಿಯುತ್ತಿದ್ದರೆ ಅದು ನಿಮ್ಮ ಮುಖಕ್ಕೆ ಹೊಂದುವ ಮಾಸ್ಕ್ ಅಲ್ಲ. ಬೇರೆ ಅಳತೆ ಅಥವಾ ಬೇರೆ ಮಾದರಿ ಕೇಳಿ ಪಡೆಯಿರಿ. ಅದನ್ನು ಕೇಳಲು ಸಂಕೋಚ ಬೇಡ.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಟೈಲರ್. ಎಳೆ, ದೂಳು ಮೂಗಿಗೆ ಹೋಗುತ್ತದೆಂದು ಬಟ್ಟೆಯ ಮಾಸ್ಕ್ ಹಾಕುತ್ತೇನೆ. ಕೆನ್ನೆ ತುಂಬಾ ಮೊಡವೆ. ಟಿವಿಯಲ್ಲಿ ತೋರಿಸುವ ನಾಲ್ಕೈದು ಬಗೆಯ ಸೀರಮ್ ಕೊಳ್ಳುವ ಶಕ್ತಿ ಇಲ್ಲ. ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು?
– ಒಬ್ಬ ಓದುಗರು, ಪೀಣ್ಯ

ಉತ್ತರ: ಸೀರಮ್‌ಗಳು ಬೇಕಿಲ್ಲ. ಒಂದು ಸೌಮ್ಯ ಫೇಸ್‌ವಾಶ್, ಒಂದು ಮಾಯಿಶ್ಚರೈಸರ್, ಒಂದು ಔಷಧಿ, ಇಷ್ಟು ಸಾಕು.

ಮೊದಲು ಮಾಸ್ಕ್. ಒಳಪದರ ಮೆತ್ತನೆಯ ಹತ್ತಿಯದಾಗಿರಲಿ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಒರಟಾಗಿ ಉಜ್ಜುತ್ತದೆ. ದಿನಕ್ಕೆ ಎರಡು ಇಟ್ಟುಕೊಂಡು ಊಟದ ಹೊತ್ತಿಗೆ ಬದಲಿಸಿ. ಬಿಡುವಿನಲ್ಲಿ ಮಾಸ್ಕ್ ಅನ್ನು ಗದ್ದಕ್ಕೆ ಇಳಿಸಿಕೊಂಡರೆ ಕುತ್ತಿಗೆಯ ಬೆವರು, ಕೊಳೆ ಒಳಪದರಕ್ಕೆ ಮೆತ್ತಿ ಮತ್ತೆ ಮುಖಕ್ಕೇ ಬರುತ್ತದೆ. ಪೂರ್ತಿ ಕಳಚಿಡಿ. ಸಂಜೆ ಮನೆಗೆ ಬಂದು ಬಿಸಿನೀರು, ಸ್ವಲ್ಪವೇ ಸೋಪಿನಪುಡಿ ಹಾಕಿ ಒಗೆದು, ನೊರೆ ಪೂರ್ತಿ ಹೋಗುವವರೆಗೆ ಎರಡು ಮೂರು ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಹಾಕಿ. ಬಟ್ಟೆಯಲ್ಲಿ ಉಳಿದ ಸೋಪಿನಪುಡಿ ಎಂಟು ಗಂಟೆ ಒದ್ದೆ ಚರ್ಮಕ್ಕೆ ತಾಗುತ್ತಿದ್ದರೆ ಉರಿ ಬರುವುದು ಖಂಡಿತ. ಘಮಘಮಿಸುವ ಕಂಫರ್ಟ್‌ನಂಥ ದ್ರವ ಮಾಸ್ಕ್‌ಗೆ ಬೇಡ.

ಮುಖ ತೊಳೆಯುವುದು ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ಕೆಲಸದಿಂದ ಬಂದ ಕೂಡಲೇ. ಮೈಗೆ ಹಚ್ಚುವ ಸಾಬೂನು ಸಾಮಾನ್ಯವಾಗಿ ಕ್ಷಾರೀಯ, ಅದರ ಪಿಎಚ್ (ಆಮ್ಲ–ಕ್ಷಾರದ ಅಳತೆ) 9–10ರ ಆಸುಪಾಸು ಇರುತ್ತದೆ. ಚರ್ಮದ್ದು 5ರ ಹತ್ತಿರ. ‘ಪಿಎಚ್ 5.5’ ಎಂದು ಬರೆದ, ವಾಸನೆಯಿಲ್ಲದ ಫೇಸ್‌ವಾಶ್ ಕೊಳ್ಳಿ. ಬೆರಳ ತುದಿಯಿಂದ ಹಚ್ಚಿ ತೊಳೆಯಿರಿ. ಸ್ಕ್ರಬ್, ಬ್ರಷ್, ಒರಟು ಟವೆಲ್ ಯಾವುದೂ ಬೇಡ. ಐದಾರು ಸಲ ತೊಳೆದರೆ ಮೊಡವೆ ಹೋಗುವುದಿಲ್ಲ, ಚರ್ಮ ಒಣಗಿ ಬಿರಿಯುತ್ತದೆ.

ಇನ್ನು ಔಷಧಿ. ಮೊದಲಿಗೆ ಬೆಂಜಾಯಿಲ್ ಪೆರಾಕ್ಸೈಡ್ 2.5% ಜೆಲ್. 5% ಅಥವಾ 10% ಹಚ್ಚಿದರೆ ಬೇಗ ವಾಸಿಯಾಗುತ್ತದೆಂಬುದು ತಪ್ಪು ಎಣಿಕೆ. ಕೆಂಪು ಗುಳ್ಳೆಗಳಿಗೆ 2.5% ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತದೆ, ಉರಿ ಮಾತ್ರ ಬಹಳ ಕಡಿಮೆ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ಮೊಡವೆ ಬರುವ ಜಾಗಕ್ಕೆಲ್ಲ ತೆಳ್ಳಗೆ ಹಚ್ಚಿ. ಎದ್ದ ಗುಳ್ಳೆಯ ತಲೆಗೆ ಮಾತ್ರ ಚುಕ್ಕೆ ಇಡುವುದರಿಂದ ನಾಳೆ ಏಳಲಿರುವುದು ನಿಲ್ಲುವುದಿಲ್ಲ. ಮೊದಲ ಎರಡು ವಾರ ದಿನ ಬಿಟ್ಟು ದಿನ ಸಾಕು. ಅದರ ಮೇಲೆ ಮಾಯಿಶ್ಚರೈಸರ್. ಒಂದು ಎಚ್ಚರಿಕೆ: ಇದು ಬಣ್ಣ ತಿನ್ನುತ್ತದೆ. ದಿಂಬಿನ ಕವರು, ಟವೆಲ್ಲು, ರವಿಕೆಯ ಅಂಚು ಬಿಳಿಚಿಕೊಳ್ಳುತ್ತವೆ. ರಾತ್ರಿಗೆ ಹಳೆಯ ಬಿಳಿ ದಿಂಬಿನ ಕವರು ಬಳಸಿ, ಬೆಳಿಗ್ಗೆ ತೊಳೆದ ನಂತರವೇ ಬಣ್ಣದ ಮಾಸ್ಕ್ ಹಾಕಿ.

ಬ್ಲ್ಯಾಕ್‌ಹೆಡ್, ವೈಟ್‌ಹೆಡ್ ಹೆಚ್ಚಿದ್ದರೆ ಅಡಾಪಲೀನ್ 0.1% ಜೆಲ್ ಹೆಚ್ಚು ಉಪಯೋಗ. ಇದನ್ನು ವೈದ್ಯರನ್ನು ಕೇಳಿಯೇ ಶುರುಮಾಡಿ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಕಣ್ಣಿನ ಸುತ್ತ, ಮೂಗಿನ ಹೊಳ್ಳೆಯ ಸಂದು, ತುಟಿಯ ಮೂಲೆ ಬಿಟ್ಟು ಹಚ್ಚಿ. ಮೂರು ದಿನಕ್ಕೊಮ್ಮೆ ಶುರುಮಾಡಿ, ಚರ್ಮ ತಾಳಿದ ಹಾಗೆ ದಿನಾ ರಾತ್ರಿಗೆ ತನ್ನಿ. ಮೊದಲ ಎರಡರಿಂದ ನಾಲ್ಕು ವಾರ ಸಿಪ್ಪೆ ಏಳುವುದು, ಚುರುಗುಟ್ಟುವುದು ಸಾಮಾನ್ಯ. ಎಷ್ಟೋ ಜನ ಆ ಹೊತ್ತಿಗೇ ‘ನನಗೆ ಆಗಿಬರಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಫಲ ಕಾಣಲು 8ರಿಂದ 12 ವಾರ ಬೇಕೇಬೇಕು.

ಯಾವ ಔಷಧಿಯನ್ನೂ ಹಗಲು ಮಾಸ್ಕ್ ಅಡಿಯಲ್ಲಿ ಹಚ್ಚಬೇಡಿ. ಮುಚ್ಚಿದ, ಒದ್ದೆಯಾದ ಚರ್ಮದೊಳಗೆ ಔಷಧಿ ಹೆಚ್ಚು ಇಳಿದು ಸುಡುತ್ತದೆ.

ಪ್ರಶ್ನೆ: ಮೊಡವೆಗೆಂದು ಮೆಡಿಕಲ್ ಶಾಪಿನವರು ಒಂದು ಕ್ರೀಮ್ ಕೊಟ್ಟರು. ಒಂದು ವಾರದಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಆಯಿತು. ನಾಲ್ಕು ತಿಂಗಳಿಂದ ಹಚ್ಚುತ್ತಿದ್ದೇನೆ. ಈಗ ಎರಡು ದಿನ ಬಿಟ್ಟರೆ ಸಾಕು, ಮುಖ ಕೆಂಡದ ಹಾಗೆ ಉರಿಯುತ್ತದೆ, ಗುಳ್ಳೆ ಮೊದಲಿಗಿಂತ ಹೆಚ್ಚು ಏಳುತ್ತವೆ. ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. ಮುಂದುವರಿಸಲೇ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮುಂದುವರಿಸಬೇಡಿ. ಈ ವಾರವೇ ಚರ್ಮರೋಗ ತಜ್ಞರನ್ನು ನೋಡಿ, ಹೋಗುವಾಗ ಆ ಟ್ಯೂಬನ್ನೂ ತೆಗೆದುಕೊಂಡು ಹೋಗಿ. ನೀವು ಬರೆದಿರುವ ಲಕ್ಷಣಗಳು ಸ್ಟೀರಾಯ್ಡ್ ಕ್ರೀಮಿನಿಂದ ಕೆಟ್ಟ ಮುಖದವು.

ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲುವೊಸಿನೊಲೋನ್ ಇವುಗಳಲ್ಲಿ ಒಂದು ಹೆಸರಿದ್ದರೂ ಅದು ಸ್ಟೀರಾಯ್ಡ್. ಎಷ್ಟೋ ಸಲ ಇದರ ಜೊತೆಗೆ ಬಣ್ಣ ತಿಳಿಮಾಡುವ ಹೈಡ್ರೊಕ್ವಿನೋನ್, ಅಡಾಪಲೀನ್ ಬಗೆಯದೇ ಆದ ಟ್ರೆಟಿನಾಯಿನ್ ಸೇರಿಸಿದ ಮೂರು ಮದ್ದಿನ ಮಿಶ್ರಣವಿರುತ್ತದೆ. ‘ಬೆಳ್ಳಗಾಗುವ ಕ್ರೀಮ್’ ಎಂದು ಕೈಯಿಂದ ಕೈಗೆ ಹರಿದಾಡುವುದು ಇಂಥದ್ದೇ. ಸ್ಟೀರಾಯ್ಡ್ ಊತವನ್ನು ಅದುಮುತ್ತದೆ, ರಕ್ತನಾಳಗಳನ್ನು ಕುಗ್ಗಿಸುತ್ತದೆ. ಅದಕ್ಕೇ ಮೊದಲ ವಾರ ಪವಾಡದ ಹಾಗೆ ಕಾಣುವುದು. ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮ ತೆಳುವಾಗುತ್ತದೆ, ಕೆನ್ನೆಯಲ್ಲಿ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ, ಬೇಡದ ಕಡೆ ಕೂದಲು ಬರುತ್ತದೆ, ಬಿಸಿಲು ತಾಳಲಾಗುವುದಿಲ್ಲ, ಸ್ಟೀರಾಯ್ಡ್‌ನಿಂದಲೇ ಬೇರೆ ಬಗೆಯ ಮೊಡವೆ ಏಳುತ್ತದೆ. ಮಾಸ್ಕ್ ಅಡಿಯಲ್ಲಿ ಹಚ್ಚಿದರೆ ಅದು ಇನ್ನೂ ಆಳಕ್ಕೆ ಇಳಿಯುತ್ತದೆ.

ನಿಲ್ಲಿಸಿದಾಗ ಕುಗ್ಗಿದ್ದ ರಕ್ತನಾಳಗಳು ಒಮ್ಮೆಗೇ ಹಿಗ್ಗುತ್ತವೆ. ನಿಮ್ಮ ಉರಿ ಅದೇ. ಕೆಲವರಿಗೆ ಅದು ವಾರಗಳು, ಕೆಲವರಿಗೆ ತಿಂಗಳುಗಳೇ ಇರುತ್ತದೆ. ಎಷ್ಟು ಬಲದ ಸ್ಟೀರಾಯ್ಡ್, ಎಷ್ಟು ಕಾಲ ಹಚ್ಚಿದ್ದೀರಿ ಎಂಬುದನ್ನು ನೋಡಿ, ಒಮ್ಮೆಗೇ ನಿಲ್ಲಿಸಬೇಕೋ ಬಲ ಇಳಿಸುತ್ತಾ ಬಿಡಿಸಬೇಕೋ ಎಂದು ತಜ್ಞರು ನಿರ್ಧರಿಸುತ್ತಾರೆ. ಅಲ್ಲಿಯವರೆಗೆ ತಣ್ಣೀರಿನ ಬಟ್ಟೆ ಹತ್ತು ನಿಮಿಷ ಇಡಿ, ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ, ಕೊಡೆ ಹಿಡಿಯಿರಿ. ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್ ಏನನ್ನೂ ಈಗ ಮುಟ್ಟಬೇಡಿ. ಉರಿಯುವ ದಿನಗಳಲ್ಲಿ ಮತ್ತದೇ ಟ್ಯೂಬಿನ ಕಡೆ ಕೈ ಹೋಗುತ್ತದೆ; ಹಾಗಾಗಿ ಡಾಕ್ಟರಿಗೆ ತೋರಿಸಿದ ಮೇಲೆ ಅವರು ಬೇಡ ಎಂದರೆ ಅದನ್ನು ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುಪಾಲು ಜನರ ಚರ್ಮ ಸುಧಾರಿಸುತ್ತದೆ, ಧೈರ್ಯವಾಗಿರಿ.

ಔಷಧ ಅಂಗಡಿಯವರಿಗೂ ಒಂದು ಮಾತು. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ನ ಕಟ್ಟುಪಾಡಿಗೆ ತಂದಿದೆ. ವೈದ್ಯರ ಚೀಟಿ ಇಲ್ಲದೆ ಅವನ್ನು ಕೊಡುವಂತಿಲ್ಲ. ಹದಿನೆಂಟು, ಇಪ್ಪತ್ತು ವರ್ಷದ ಮಕ್ಕಳ ಮುಖ ಇದು. ದಯವಿಟ್ಟು ಚೀಟಿ ಕೇಳಿ.

ಪ್ರಶ್ನೆ: ಮೆಣಸಿನಕಾಯಿ ತೊಟ್ಟು ತೆಗೆಯುವ ಕೆಲಸ ಮಾಡುತ್ತೇವೆ. ಘಾಟಿಗೆ ಮೂಗು, ಬಾಯಿಗೆ ಬಟ್ಟೆ ಕಟ್ಟುತ್ತೇವೆ. ಬಟ್ಟೆಯ ಒಳಗೆ ಮುಖ ಕೆಂಪಾಗಿ ಉರಿಯುತ್ತದೆ, ಸಣ್ಣ ಗುಳ್ಳೆಯೂ ಇವೆ. ಮೊಡವೆ ಕ್ರೀಮ್ ಹಚ್ಚಿದರೆ ಇನ್ನೂ ಉರಿ.
– ಓದುಗರು, ಬ್ಯಾಡಗಿ

ಉತ್ತರ: ಇದು ಮೊಡವೆಗಿಂತ ಖಾರದ ಉರಿಯೂತ. ಮೊಡವೆ ಕ್ರೀಮ್ ನಿಲ್ಲಿಸಿ. ಬಣ್ಣಕ್ಕೆ ಹೆಸರಾದ ಬ್ಯಾಡಗಿ ಕಾಯಿಯಲ್ಲಿ ಖಾರ ಕಡಿಮೆಯೇ, ಆದರೆ ದಿನವಿಡೀ ಅದರ ದೂಳಿನಲ್ಲಿ ಕೂತಾಗ ಆ ಖಾರವೂ ಸಾಕು. ಜೊತೆಗೆ ಬೇರೆ ತಳಿಯ ಖಾರದ ಕಾಯಿಯೂ ಕೈಗೆ ಬರುತ್ತದೆ. ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಬರೀ ನೀರಿನಲ್ಲಿ ಜಾಲಿಸಿದ ಬಟ್ಟೆಯಲ್ಲಿ ಖಾರ ಉಳಿದೇ ಇರುತ್ತದೆ, ಮರುದಿನ ಕಟ್ಟಿದ ಕೂಡಲೇ ಬೆವರಿಗೆ ಬಿಟ್ಟುಕೊಳ್ಳುತ್ತದೆ. ಬಟ್ಟೆಯನ್ನು ಸೋಪು ಹಾಕಿ ಬಿಸಿನೀರಿನಲ್ಲಿ ಒಗೆಯಿರಿ. ಸೆರಗನ್ನೇ ಮುಖಕ್ಕೆ ಸುತ್ತಿಕೊಳ್ಳಬೇಡಿ, ಅದರ ಹೊರಮೈ ತುಂಬ ದೂಳಿರುತ್ತದೆ.

ಕೆಲಸ ಮುಗಿದ ಮೇಲೆ ಮೊದಲು ಕೈಗಳನ್ನು ಸೋಪಿನಿಂದ ಎರಡು ಸಲ ತೊಳೆದು, ಆಮೇಲೆ ಮುಖ ಮುಟ್ಟಿ. ಮುಖಕ್ಕೆ ಸೌಮ್ಯ ಫೇಸ್‌ವಾಶ್, ತಣ್ಣೀರು. ಬಿಸಿನೀರು ಬೇಡ, ಉರಿ ಏರುತ್ತದೆ. ಬಟ್ಟೆಗಿಂತ ಎನ್–95 ದೂಳನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅದನ್ನು ಒಗೆಯಬಾರದು, ಒಗೆದರೆ ದೂಳು ಹಿಡಿಯುವ ಗುಣವೇ ಹೋಗುತ್ತದೆ. ಒದ್ದೆಯಾದರೆ, ಒಳಗೆ ದೂಳು ಕಂಡರೆ, ಉಸಿರು ಕಟ್ಟಿದಂತಾದರೆ ಹೊಸದು ಹಾಕಿ. ಎರಡು ವಾರದಲ್ಲಿ ಉರಿ ಇಳಿಯದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ.

ಪ್ರಶ್ನೆ: ಸ್ಕೂಟಿಯಲ್ಲಿ ದಿನಾ 20 ಕಿ.ಮೀ. ಓಡಾಟ. ವೇಲ್ ಸುತ್ತಿ ಹೆಲ್ಮೆಟ್ ಹಾಕುತ್ತೇನೆ. ಗದ್ದದ ಕೆಳಗೂ ಕಿವಿಯ ಮುಂದೂ ಗುಳ್ಳೆ.
– ಓದುಗರು, ಹುಬ್ಬಳ್ಳಿ

ಉತ್ತರ: ಗದ್ದದ ಕೆಳಗೆ ಪಟ್ಟಿ, ಕಿವಿಯ ಮುಂದೆ ಹೆಲ್ಮೆಟ್ಟಿನ ಸ್ಪಂಜು. ಕಳಚಲು ಬರುವ ಸ್ಪಂಜಾದರೆ ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ. ಪಟ್ಟಿಗೆ ಹತ್ತಿ ಬಟ್ಟೆಯ ತೋಳು ಹೊಲಿಸಿ, ದಿನಾ ಬದಲಿಸಿ. ಆದರೆ ಪಟ್ಟಿಯನ್ನು ಸಡಿಲ ಬಿಡಬೇಡಿ. ವೇಲ್ ದಿನಾ ಒಗೆದದ್ದಾಗಿರಲಿ. ತಲೆಗೆ ಎಣ್ಣೆ ಹಚ್ಚಿ ಹೆಲ್ಮೆಟ್ ಹಾಕಿದರೆ ಎಣ್ಣೆ ಬೆವರಿನೊಡನೆ ಹಣೆಗೆ, ಕೆನ್ನೆಗೆ ಇಳಿಯುತ್ತದೆ. ಎಣ್ಣೆಯನ್ನು ರಜೆಯ ದಿನಕ್ಕೆ ಇಟ್ಟುಕೊಳ್ಳಿ, ಹಚ್ಚಿದ ದಿನವೇ ತಲೆಸ್ನಾನ ಮಾಡಿ.

ಪ್ರಶ್ನೆ: ಮಗಳಿಗೆ 14 ವರ್ಷ. ಅಲರ್ಜಿ ಶೀನು ಎಂದು ಶಾಲೆಗೆ ಮಾಸ್ಕ್ ಹಾಕಿಸುತ್ತೇನೆ. ಮೊಡವೆಗೆ ನಿಂಬೆರಸ, ಟೂತ್‌ಪೇಸ್ಟ್, ಅರಿಶಿನ, ಕೊಬ್ಬರಿ ಎಣ್ಣೆ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಒಳ್ಳೆಯದು?
– ತಾಯಿ, ತೀರ್ಥಹಳ್ಳಿ

ಉತ್ತರ: ನಿಂಬೆರಸ ಬೇಡವೇ ಬೇಡ. ಅದರ ಆಮ್ಲ ಚರ್ಮ ಸುಡುತ್ತದೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಎದ್ದು ಕಪ್ಪು ಕಲೆ ಉಳಿಯುತ್ತದೆ. ಟೂತ್‌ಪೇಸ್ಟ್ ಗುಳ್ಳೆಯನ್ನು ಒಣಗಿಸಿದಂತೆ ಕಾಣುತ್ತದೆ, ಅದರ ಪುದೀನಾ ಸತ್ವ, ನೊರೆ ಬರಿಸುವ ಪದಾರ್ಥ ಬಾಯಿ ಸುತ್ತ ಉರಿಯೂತ ತರುತ್ತವೆ. ಅಡುಗೆ ಸೋಡಾ ಕೂಡ ಬೇಡ. ಕೊಬ್ಬರಿ ಎಣ್ಣೆ ಮೈಕೈ ಒಣಚರ್ಮಕ್ಕೆ ಒಳ್ಳೆಯದೇ, ಮೊಡವೆಯ ಮುಖಕ್ಕೆ ಅಲ್ಲ. ರಂಧ್ರ ಕಟ್ಟಿಸುವ ಎಣ್ಣೆಗಳಲ್ಲಿ ಅದು ಮೊದಲ ಸಾಲಿನದು. ಅರಿಶಿನದಿಂದ ದೊಡ್ಡ ಹಾನಿಯಿಲ್ಲ, ಮೊಡವೆ ಅದರಿಂದ ವಾಸಿಯಾಗುವುದೂ ಇಲ್ಲ. ಕಡಲೆಹಿಟ್ಟು ಹಚ್ಚುವುದಾದರೆ ತಿಕ್ಕದೆ ತೊಳೆಯಲಿ.

ಹದಿನಾಲ್ಕರಲ್ಲಿ ಹಾರ್ಮೋನಿನಿಂದಲೇ ಮೊಡವೆ ಬರುತ್ತದೆ, ಮಾಸ್ಕ್ ಅದನ್ನು ಹೆಚ್ಚಿಸುತ್ತಿರಬಹುದು. ಬೆಂಜಾಯಿಲ್ ಪೆರಾಕ್ಸೈಡ್ 2.5% ಈ ವಯಸ್ಸಿಗೆ ಸಲ್ಲುತ್ತದೆ. ಪೀಣ್ಯದ ಓದುಗರಿಗೆ ಬರೆದ ಕ್ರಮವೇ ಸಾಕು. ಶಾಲೆಯ ಚೀಲದಲ್ಲಿ ಇನ್ನೊಂದು ಒಣ ಮಾಸ್ಕ್ ಇಡಿ. ಮಲೆನಾಡಿನ ಮಳೆಗಾಲದಲ್ಲಿ ಒಗೆದ ಮಾಸ್ಕ್ ಅರ್ಧ ಒದ್ದೆಯಾಗಿಯೇ ಉಳಿಯುವುದರಿಂದ ಇಸ್ತ್ರಿ ಹಾಕಿ ಒಣಗಿಸಿ. ಗುಳ್ಳೆ ಚಿವುಟದಂತೆ ಹೇಳಿ. ದಪ್ಪ ಗಂಟುಗಳು ಎದ್ದು ನೋಯುತ್ತಿದ್ದರೆ, ಗುಂಡಿ ಬೀಳುತ್ತಿದ್ದರೆ ಕಾಯದೆ ವೈದ್ಯರಿಗೆ ತೋರಿಸಿ, ಆ ಗುಂಡಿಗಳು ಮತ್ತೆ ತುಂಬುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಅವಳ ಮುಖದ ಬಗ್ಗೆ ಬಂದವರೆದುರು ಮಾತಾಡಬೇಡಿ.

ಪ್ರಶ್ನೆ: ನಾಲ್ಕು ತಿಂಗಳ ಗರ್ಭಿಣಿ. ಔಷಧ ಕಾರ್ಖಾನೆಯಲ್ಲಿ ಕೆಲಸ, ಮಾಸ್ಕ್ ಕಡ್ಡಾಯ. ಮೊದಲು ಬರೆದುಕೊಟ್ಟ ಅಡಾಪಲೀನ್ ಹಚ್ಚಬಹುದೇ?
– ಓದುಗರು, ಬೀದರ್

ಉತ್ತರ: ಬೇಡ, ಇಂದೇ ನಿಲ್ಲಿಸಿ. ಇಷ್ಟು ದಿನ ಹಚ್ಚಿದ್ದಕ್ಕೆ ಗಾಬರಿ ಬೇಡ, ಚರ್ಮದಿಂದ ರಕ್ತಕ್ಕೆ ಹೋಗುವ ಪ್ರಮಾಣ ತೀರಾ ಕಡಿಮೆ. ಮುಂದಿನ ತಪಾಸಣೆಯಲ್ಲಿ ಡಾಕ್ಟರಿಗೆ ತಿಳಿಸಿ. ಟ್ರೆಟಿನಾಯಿನ್ ಕೂಡ ಬೇಡ, ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ಬೇಡ. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ಶಿಶುವಿಗೆ ಭಾರಿ ಅಪಾಯ. ಮನೆಯಲ್ಲಿ ಬೇರೆಯವರದು ಇದ್ದರೂ ಮುಟ್ಟಬೇಡಿ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದು ಅಜೆಲಾಯಿಕ್ ಆಮ್ಲದ 15% ಅಥವಾ 20% ಮುಲಾಮು. ನಿಮ್ಮ ಪ್ರಸೂತಿ ತಜ್ಞರನ್ನು ಕೇಳಿ ಶುರುಮಾಡಿ. ಮೊದಲ ದಿನಗಳಲ್ಲಿ ಚಿಟಿಚಿಟಿ ಉರಿಯುತ್ತದೆ, ಹದಿನೈದು ನಿಮಿಷದಲ್ಲಿ ಇಳಿಯುತ್ತದೆ.

ಪ್ರಶ್ನೆ: ಗುಳ್ಳೆಗಳು ಹೋದವು, ಮಾಸ್ಕ್ ಇದ್ದಷ್ಟು ಜಾಗ ಕಪ್ಪು ಕಲೆಗಳು ಉಳಿದಿವೆ. ಹೋಗುತ್ತವೆಯೇ?
– ಓದುಗರು, ಮೈಸೂರು

ಉತ್ತರ: ಬೆರಳಾಡಿಸಿದಾಗ ಚರ್ಮ ಸಮತಟ್ಟಾಗಿದ್ದರೆ ಅದು ಬಣ್ಣ ಮಾತ್ರ, ಗಾಯದ ಗುರುತಲ್ಲ. ನಮ್ಮಂಥ ಕಂದು ಚರ್ಮದಲ್ಲಿ ಊತ ಬಂದ ಕಡೆಯೆಲ್ಲ ಬಣ್ಣ ನಿಲ್ಲುವುದು ಸಹಜ. ಮೂರರಿಂದ ಆರು ತಿಂಗಳು, ಕೆಲವೊಮ್ಮೆ ವರ್ಷ ಹಿಡಿಯುತ್ತದೆ. ಅಜೆಲಾಯಿಕ್ ಆಮ್ಲ ಅಥವಾ ಅಡಾಪಲೀನ್ ರಾತ್ರಿ ಹೊತ್ತು ಮುಂದುವರಿಸಿದರೆ ಬೇಗ ತಿಳಿಯಾಗುತ್ತದೆ, ಹೊಸ ಮೊಡವೆಯನ್ನೂ ತಡೆಯುತ್ತದೆ.

ಹಗಲು ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ಜೆಲ್ ರೂಪದ್ದು. ಮಾಸ್ಕ್ ಇದೆಯೆಂದು ಬಿಡಬೇಡಿ. ತೆಳ್ಳನೆಯ ಬಟ್ಟೆಯ ಮೂಲಕ ಬಿಸಿಲು ಒಳಬರುತ್ತದೆ. ಮಾಸ್ಕ್‌ಗೆ 20 ನಿಮಿಷ ಮೊದಲು ಹಚ್ಚಿ ಆರಲು ಬಿಡಿ. ಫೌಂಡೇಶನ್ ಹಚ್ಚಿ ಕಲೆ ಮುಚ್ಚಿ ಮೇಲೆ ಮಾಸ್ಕ್ ಹಾಕಿದರೆ ಮೊಡವೆ ಮತ್ತೆ ಶುರುವಾಗುತ್ತದೆ. ಕಣ್ಣಿಗಷ್ಟೇ ಮೇಕಪ್ ಮಾಡಿಕೊಳ್ಳಿ. ಬೆರಳಿಗೆ ಗುಂಡಿ ಅಥವಾ ಉಬ್ಬು ಸಿಕ್ಕರೆ ಕ್ರೀಮಿನಿಂದ ಹೋಗುವಂಥದ್ದಲ್ಲ. ಮೊಡವೆ ಪೂರ್ತಿ ಹತೋಟಿಗೆ ಬಂದ ಮೇಲೆ ಅದಕ್ಕೆ ಬೇರೆ ಚಿಕಿತ್ಸೆಗಳಿವೆ, ಚರ್ಮರೋಗ ತಜ್ಞರಲ್ಲಿ ಕೇಳಿ.